ಸತ್ಯಾಂಶ: ಗಾಜಿನ ಮನೆ ತಣ್ಣಗಿರುತ್ತದೆಯೇ?

ಕಲಬುರಗಿ ಸುತ್ತ ಹೊಸ ಲೇಔಟ್ ಎದ್ದಾಗಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: 'ಮುಂಭಾಗಕ್ಕೆ ಪೂರ್ತಿ ಗಾಜು, ಮಾಳಿಗೆ ಮೇಲೆ ಸೋಲಾರ್ ಇದ್ದರೆ ಅದೇ ಪರಿಸರಸ್ನೇಹಿ ಮನೆ. ಎ.ಸಿ. ಬೇಕಿಲ್ಲ.' ಇದು ತಪ್ಪು.

ಸಾದಾ ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಆ ಬಿಸಿಲಿಗೆ ಕಾದ ನೆಲ, ಗೋಡೆ ಸೂಸುವ ಶಾಖವನ್ನು ಮಾತ್ರ ಸುಲಭವಾಗಿ ಹೊರಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಪಶ್ಚಿಮಕ್ಕೆ ಗಾಜಿನ ಗೋಡೆ ಎಂದರೆ ಸಂಜೆವರೆಗೂ ಉರಿಯುವ ಒಲೆ. ಒಳಗೆ ಪರದೆ ಎಳೆದರೂ ಪ್ರಯೋಜನ ಕಡಿಮೆ, ಶಾಖ ಆಗಲೇ ಒಳಗೆ ಬಂದಿರುತ್ತದೆ. ನೆರಳು ಗಾಜಿನ ಹೊರಗೇ ಬೀಳಬೇಕು.

ಸೋಲಾರ್‌ನಿಂದ ಕರೆಂಟ್ ಬಿಲ್ ಇಳಿಯುವುದು ನಿಜ. ವಿನ್ಯಾಸದ ತಪ್ಪನ್ನು ಅದು ತಿದ್ದುವುದಿಲ್ಲ.

ಹಾಗೆಂದು ಶಹಾಬಾದ್ ಕಲ್ಲಿನ ದಪ್ಪ ಗೋಡೆಯೊಂದೇ ಸಾಕು ಅನ್ನುವುದೂ ಸರಿಯಲ್ಲ. ಕಲ್ಲು ಹಗಲಿನ ಶಾಖವನ್ನು ತಡೆದಿಟ್ಟು ರಾತ್ರಿ ಬಿಡುತ್ತದೆ. ಹಿರಿಯರು ಹಗಲು ಒಳಗಿದ್ದು, ರಾತ್ರಿ ಮಾಳಿಗೆ ಮೇಲೆ ಮಲಗುತ್ತಿದ್ದುದು ಸುಮ್ಮನೆ ಅಲ್ಲ.

ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ಹೆಚ್ಚು ಬಿಸಿಲು ಬೀಳುವುದೇ ಮಾಳಿಗೆಗೆ. ಮನೆಗಳಲ್ಲಿ ಇಂಧನ ಉಳಿಸಲು ಕೇಂದ್ರ ತಂದ ನಿಯಮಾವಳಿ, 2018ರ ಇಕೋ ನಿವಾಸ್ ಸಂಹಿತೆ, ಛಾವಣಿಗೆ ಮಿತಿ ಹಾಕಿದೆ: ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚದರ ಮೀಟರ್‌ಗೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರೀ ಆರ್‌ಸಿಸಿ ಸ್ಲ್ಯಾಬ್ ಈ ಮಿತಿಯೊಳಗೆ ಬರುವುದಿಲ್ಲ, ಮೇಲೆ ಶಾಖನಿರೋಧಕ ಪದರ ಬೇಕೇ ಬೇಕು.

ಮನೆ ನೋಡಲು ಬೆಳಿಗ್ಗೆ ಹೋಗಬೇಡಿ. ಮಧ್ಯಾಹ್ನ ಮೂರರ ಮೇಲೆ ಹೋಗಿ, ಎ.ಸಿ. ಬಂದ್ ಮಾಡಲು ಹೇಳಿ, ಪಶ್ಚಿಮದ ಕೋಣೆಯ ಗೋಡೆ ಮುಟ್ಟಿ ನೋಡಿ.