ಮೂಲವ್ಯಾಧಿ ಎಂದುಕೊಂಡು ಎಂಟು ತಿಂಗಳು

ಅರವತ್ತು ದಾಟಿದವರ ಕರುಳಿನ ಉರಿಯೂತಕ್ಕೂ ಊಟದ ಗುಣಮಟ್ಟಕ್ಕೂ ಇರುವ ನಂಟಿನ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಉಡುಪಿಯ ನಮ್ಮ ಮನೆಯಲ್ಲಿ ಇದನ್ನು ಅನುಭವಿಸಿದ್ದೇವೆ. ಅಮ್ಮನಿಗೆ 66 ವರ್ಷ. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ಎಂಟು ತಿಂಗಳು ಮುಲಾಮು ಹಚ್ಚಿದೆವು. ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಿದ ಮೇಲಷ್ಟೇ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಉಂಟುಮಾಡುವ ದೀರ್ಘಕಾಲದ ಕಾಯಿಲೆ ಎಂದು ತಿಳಿಯಿತು. ಅಪ್ಪ ತೀರಿಕೊಂಡ ಮೇಲೆ ಅವರು ತಮ್ಮೊಬ್ಬರಿಗಾಗಿ ಒಲೆ ಹಚ್ಚುವುದನ್ನೇ ಬಿಟ್ಟು ಬ್ರೆಡ್, ಬಿಸ್ಕತ್ತು, ಪ್ಯಾಕೆಟ್ ನೂಡಲ್ಸ್‌ನಲ್ಲಿ ದಿನ ದೂಡಿದ್ದರು. ಅದೇ ಕಾರಣವೆನ್ನಲಾರೆ. ಆದರೂ 2021ರಲ್ಲಿ ಪ್ರಕಟವಾದ, ಭಾರತವೂ ಸೇರಿದ್ದ 21 ದೇಶಗಳ ಅಧ್ಯಯನದಲ್ಲಿ ಅತಿಸಂಸ್ಕರಿತ ಆಹಾರ (ಬಿಸ್ಕತ್ತು, ಪ್ಯಾಕೆಟ್ ನೂಡಲ್ಸ್‌ನಂಥ ಕಾರ್ಖಾನೆ ತಿನಿಸು) ಹೆಚ್ಚು ತಿಂದವರಲ್ಲಿ ಕರುಳಿನ ಉರಿಯೂತದ ಕಾಯಿಲೆ ಹೆಚ್ಚು ಕಂಡಿತ್ತು. ಈಗ ನಾನೇ ಕುಚ್ಚಲಕ್ಕಿ ಗಂಜಿ ಬೇಯಿಸಿಕೊಡುತ್ತೇನೆ. ಕಾಯಿಲೆ ಕೆರಳಿದಾಗ ಬಸಳೆ, ಕಾಳು ಬೇಡ, ಶಮನವಾದ ಮೇಲೆ ಸ್ವಲ್ಪಸ್ವಲ್ಪವಾಗಿ ಕೊಡಿ ಎಂದಿದ್ದಾರೆ ವೈದ್ಯರು. ಲೇಖನದಲ್ಲಿ ಆ ವಿವರ ಇಲ್ಲ, ದಯವಿಟ್ಟು ಸೇರಿಸಿ.