ಆಧಾರ್ ಝೆರಾಕ್ಸ್ ಬೇಕಂತೆ, ನಾಯಿಯ ಇಂಜೆಕ್ಷನ್ ಪುಸ್ತಕ ಬೇಡವಂತೆ!

ರಾತ್ರಿ ಎರಡು ಗಂಟೆಗೆ ನಾಯಿಯ ಬಾಯೊಳಗೆ ಬೆರಳು ಹಾಕಿ ಎಲುಬು ಹುಡುಕಿದ್ದೀರಾ? ನಾನು ಹುಡುಕಿದ್ದೇನೆ. ನಮ್ಮ ಮನೆಯವರು ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದರು. ನಾಲ್ಕು ವರ್ಷದ ನಮ್ಮ ಪೊಮೆರೇನಿಯನ್ ನಾಯಿ, ಚಿನ್ನು, ಕತ್ತು ಮುಂದೆ ಚಾಚಿ ಖೊಕ್ ಖೊಕ್ ಅಂತ ಕೆಮ್ಮುತ್ತಿದ್ದ. ಕೊನೆಗೆ ಓಕರಿಸಿ ಒಂದು ಚಮಚದಷ್ಟು ಬಿಳಿ ನೊರೆ ಕಾರಿದ. ಮಧ್ಯಾಹ್ನ ಮನೆಯಲ್ಲಿ ಮಟನ್ ಮಾಡಿದ್ದೆವು. ಸಿಟ್ಟೆಲ್ಲ ಅತ್ತೆಯ ಮೇಲೆ ಹೋಯಿತು. "ಎಷ್ಟು ಸಲ ಹೇಳೀನ್ರಿ, ಎಲುಬು ಹಾಕಬ್ಯಾಡ್ರಿ ಅಂತ!" ಪಾಪ, ಅವರು ಹಾಕಿರಲೇ ಇಲ್ಲ.

ಬೆಳಿಗ್ಗೆ ಡಾಕ್ಟರ್ ಚಿನ್ನುವಿನ ಗಂಟಲನ್ನು ಹೊರಗಿನಿಂದ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರು. ಅಷ್ಟಕ್ಕೇ ಮತ್ತೆ ಖೊಕ್ ಖೊಕ್. "ಎಲ್ಲರ ಬಿಟ್ಟು ಹೋಗಿದ್ರೇನ್ರಿ?" ಅಂದರು.

ಬಿಟ್ಟು ಹೋಗಿದ್ದೆವು. ಬೀದರ್‌ನಲ್ಲಿ ಮದುವೆ ಇತ್ತು. ಇಲ್ಲೇ ಕಲಬುರಗಿಯಲ್ಲಿ ನಾಯಿ ನೋಡಿಕೊಳ್ಳುವ ಒಂದು ಜಾಗದಲ್ಲಿ ಮೂರು ರಾತ್ರಿ, ದಿನಕ್ಕೆ 500 ರೂಪಾಯಿ. ಬಿಡುವಾಗ ಇಂಜೆಕ್ಷನ್ ಪುಸ್ತಕ ಮುಂದೆ ಹಿಡಿದೆ. "ಅದ್ಯಾಕ್ರಿ ಅಕ್ಕಾರ, ಆಧಾರ್ ಝೆರಾಕ್ಸ್ ಕೊಡ್ರಿ ಸಾಕು" ಅಂದ ಅಲ್ಲಿನವನು. ನಾನೇನು ಯಾರನ್ನಾದರೂ ಕಚ್ತೀನಾ? ವಾಪಸ್ ಕರೆತರಲು ಹೋದಾಗ ಮೂಲೆಯಲ್ಲೊಂದು ಲ್ಯಾಬ್ರಡಾರ್ ನಾಯಿ ಕೆಮ್ಮುತ್ತಿತ್ತು, ಮೂಗು ಸೋರುತ್ತಿತ್ತು. ಕೇಳಿದರೆ "ಧೂಳ್ರೀ" ಅಂದ. ಅಷ್ಟೂ ನಾಯಿಗೆ ನೀರಿಗೆ ಇದ್ದದ್ದು ಒಂದೇ ಸ್ಟೀಲ್ ಬೋಗುಣಿ. ಅದರ ಅಂಚಿಗೆ ಜೊಲ್ಲು ಒಣಗಿ ಅಂಟಿತ್ತು. ನೋಡಿಯೂ ಸುಮ್ನೆ ಬಂದೆ. ಆ ಸಿಟ್ಟು ನನ್ನ ಮೇಲೂ ಇದೆ.

ಚಿನ್ನುವಿಗೆ ಬಂದ ಈ ಅಂಟುಕೆಮ್ಮಿಗೆ ಕೆನಲ್ ಕಾಫ್ ಅಂತಾರೆ. ಕೆಮ್ಮಿದಾಗ ಸಿಡಿಯುವ ಹನಿಯಿಂದ, ಹಂಚಿಕೊಂಡ ಬೋಗುಣಿಯಿಂದ ಹರಡುತ್ತದೆ. ನಾನು ವರ್ಷಾ ವರ್ಷ ಸೂಜಿ ಹಾಕಿಸಿದ್ದೇನೆ, ಪುಸ್ತಕದ ತುಂಬ ಸ್ಟಿಕ್ಕರ್ ಇದೆ. ಡಿಸ್ಟೆಂಪರ್, ಪಾರ್ವೊ, ಅಡಿನೊವೈರಸ್, ಪ್ಯಾರಾಇನ್‌ಫ್ಲುಯೆಂಜಾ, ಹೀಗೆ ನಾಯಿಗೆ ಬರುವ ವೈರಸ್ ರೋಗಗಳ ಲಸಿಕೆ ಎಲ್ಲ ಆಗಿದೆ. ಆದರೆ ಈ ಕೆಮ್ಮು ತರುವ ಬೋರ್ಡೆಟೆಲ್ಲಾ ಅನ್ನೋ ಬ್ಯಾಕ್ಟೀರಿಯಾಕ್ಕೆ ಲಸಿಕೆ ಬೇರೆಯೇ ಅಂತೆ. ಮೂಗಿಗೆ ಹನಿ ಹಾಕೋದೂ ಉಂಟು. ಹಾಕಿಸಿದರೂ ಬರಬಹುದು, ಆದರೆ ಜೋರು ಕಡಿಮೆ. ಹೀಗೆ ಬಿಟ್ಟು ಹೋಗುವ ಮುಂಚೆ ಹಾಕಿಸಬೇಕಿತ್ತು. ಪುಸ್ತಕ ಬಿಚ್ಚಿ ನೋಡಿದ್ದರೆ ಅವನಾದರೂ ಹೇಳಬಹುದಿತ್ತು, ಅಲ್ವಾ?

ಆ ಜಾಗದವನಿಗೆ ಫೋನ್ ಮಾಡಿದೆ. "ನಮ್ಮಲ್ಲಿ ಇದ್ದಾಗ ಛಲೋ ಇತ್ತಲ್ರಿ. ಮನ್ಯಾಗ ಏನರ ತಂಪು ತಿನ್ಸಿರಬೇಕು." ಅಲ್ಲಪ್ಪಾ, ಸೋಂಕು ತಗುಲಿದ ಮೇಲೆ ಕೆಮ್ಮು ಶುರುವಾಗೋಕೆ 2ರಿಂದ 14 ದಿನ ಹಿಡಿಯುತ್ತದೆ. ನಮ್ಮವನು ಕೆಮ್ಮಿದ್ದು ಮನೆಗೆ ಬಂದ ಐದನೇ ರಾತ್ರಿ. ಇದನ್ನು ಹೇಳಿದರೆ ಫೋನೇ ಇಟ್ಟ.

ಈಗ ಕತ್ತಿನ ಪಟ್ಟಿ ತೆಗೆದು ಎದೆಗೆ ಬೆಲ್ಟ್ ಹಾಕಿದ್ದೇವೆ. ಪಟ್ಟಿ ಎಳೆದರೆ ಕೆಮ್ಮು ಜಾಸ್ತಿ. ನಮ್ಮ ಮನೆಯವರು ಚಮಚಕ್ಕೆ ಸುರಿದುಕೊಂಡಿದ್ದ ನಮ್ಮ ಕೆಮ್ಮಿನ ಸಿರಪ್ಪನ್ನು ಡಾಕ್ಟರ್‌ಗೆ ಕೇಳೋಣ ಅಂತ ತಡೆದಿದ್ದೆ. ಪುಣ್ಯ. ಮನುಷ್ಯರ ಸಿರಪ್ಪಲ್ಲಿ ನಾಯಿಗೆ ವಿಷವಾಗೋದು ಇರಬಹುದಂತೆ. ಊಟ ಬಿಟ್ಟರೆ, ಉಸಿರು ಎಳೆದುಕೊಂಡರೆ ಕೂಡಲೇ ಕರೆತನ್ನಿ, ಎದೆಗೆ ಇಳಿದಿರುತ್ತೆ ಅಂದಿದ್ದಾರೆ. ಹೀಗಾಗಿ ರಾತ್ರಿಯೆಲ್ಲ ಅವನ ಪಕ್ಕೆ ಏರಿಳಿಯೋದನ್ನೇ ನೋಡ್ತಾ ಕೂರ್ತೀನಿ.

ಎದುರು ಮನೆಯವರು ಎರಡು ತಿಂಗಳ ಮರಿ ಎತ್ತಿಕೊಂಡು ಆಡಿಸೋಕೆ ಬಂದರು. ಗೇಟಿನಲ್ಲೇ ತಡೆದೆ. ಎಷ್ಟು ವಿವರಿಸಿದರೂ ಮುಖ ದಪ್ಪ ಮಾಡಿಕೊಂಡು ಹೋದರು. ಅತ್ತೆ ಮಾತ್ರ ಈಗ ಮಟನ್ ತಿಂದ ಕೂಡಲೇ ತಟ್ಟೆ ತಂದು ತೋರಿಸ್ತಾರೆ: "ಎಣಿಸ್ಕೋ, ಎಲ್ಲಾ ಎಲುಬು ಇಲ್ಲೇ ಅವ."

ನಿನ್ನೆ ಆ ಮಹಾಶಯನ ವಾಟ್ಸಾಪ್ ಸ್ಟೇಟಸ್ ನೋಡಿದೆ. ನಾಯಿಯನ್ನು ಮೂರು ದಿನ ಅಲ್ಲಿ ಬಿಟ್ಟರೆ ಒಂದು ದಿನ ಫ್ರೀ ಅಂತೆ. ಫೋಟೋದಲ್ಲಿ ಅದೇ ಸ್ಟೀಲ್ ಬೋಗುಣಿ, ಸುತ್ತ ಐದು ನಾಯಿ.