ಅಕ್ಷರದ ಆಟಿಕೆ ಕೊಳ್ಳುವ ಮುಂಚೆ ಅದರ ತಲೆಕಟ್ಟು ನೋಡಿ

ಶಿರಸಿ ಮಾರಿಜಾತ್ರೆಯ ಪೇಟೆಯಲ್ಲಾಗಲಿ, ಕಾರವಾರದ ಯಾವುದೇ ಆಟಿಕೆ ಅಂಗಡಿಯಲ್ಲಾಗಲಿ, ‘ಕನ್ನಡ ಅಕ್ಷರ ಕಲಿಯಿರಿ’ ಎಂಬ ಡಬ್ಬಿ ಕಂಡರೆ ಅದರೊಳಗಿನ ‘ಕ’ ತೆಗೆದು ನೋಡಿ. ತಲೆಕಟ್ಟು ಅಕ್ಷರಕ್ಕೇ ಅಂಟಿಕೊಂಡಿರುತ್ತದೆ. ಅದಕ್ಕೆ ಗುಡಿಸು ಕೊಟ್ಟು ‘ಕಿ’ ಮಾಡಲಿಕ್ಕೆ ಹೋದರೆ ಆಗುವುದಿಲ್ಲ. ‘ಕು’ ಬರೆಯುವಾಗ ತಲೆಕಟ್ಟು ಉಳಿಯುತ್ತದೆ, ಕೊಂಬು ಪಕ್ಕದಲ್ಲಿ ಬರುತ್ತದೆ, ಸರಿ. ಆದರೆ ‘ಕಾ’, ‘ಕಿ’, ‘ಕೆ’ ಬರೆಯುವಾಗ ತಲೆಕಟ್ಟೇ ಹೋಗಿ ಅದರ ಜಾಗದಲ್ಲಿ ಇನ್ನೊಂದು ಬರಬೇಕು. ಎಬಿಸಿಡಿ ತುಂಡುಗಳ ಅಚ್ಚಿನಲ್ಲೇ ಕನ್ನಡ ತುಂಡುಗಳನ್ನೂ ಕೊರೆದವರಿಗೆ ಇದು ಹೊಳೆದೇ ಇಲ್ಲ.

ಮೂರು-ನಾಲ್ಕು ವರ್ಷದ ಮಗುವಿಗೆ ಕಾಗುಣಿತ ದೂರದ ಮಾತು, ಒಪ್ಪಿದೆ. ಆದರೆ ತಲೆಕಟ್ಟಿನ ಬಗ್ಗೆ ಯೋಚಿಸದವರು ಉಳಿದದ್ದರ ಬಗ್ಗೆಯೂ ಯೋಚಿಸಿರುವುದಿಲ್ಲ. ಪೇಟೆಯ ಹೆಚ್ಚಿನ ಅಕ್ಷರದ ಆಟಿಕೆ ಕಣ್ಣಿಗೆ ಅಕ್ಷರ ತೋರಿಸುತ್ತದೆ, ಕೈಗೆ ಏನೂ ಕೊಡುವುದಿಲ್ಲ. ಗುಂಡಿ ಒತ್ತಿದರೆ ‘ಅ... ಅಗಸ’ ಎಂದು ಕೂಗುವ ಹಲಗೆಯಿಂದ ಮಗು ಅಕ್ಷರ ಗುರುತಿಸಲಿಕ್ಕೆ ಕಲಿತೀತು, ಬರೆಯಲಿಕ್ಕೆ ಅಲ್ಲ. ಇವೆರಡು ಬೇರೆ ಬೇರೆ ಕೆಲಸ.

ಹಾಗಾದರೆ ಕೊರೆದ ಗೀರಿನ ಮರದ ಹಲಗೆ, ಅಥವಾ ಈಗ ಎಲ್ಲ ಕಡೆ ಸಿಗುವ, ಶಾಯಿ ಮಾಯವಾಗುವ ‘ಮ್ಯಾಜಿಕ್’ ಪುಸ್ತಕ? ಗುಂಡಿ ಒತ್ತುವುದಕ್ಕಿಂತ ಮೇಲು. ಆದರೆ ಗೀರಿನೊಳಗೆ ಪೆನ್ನಿನ ತುದಿ ತಾನೇ ಜಾರಿಕೊಂಡು ಹೋಗುತ್ತದೆ. ಎಲ್ಲಿ ತಿರುಗಬೇಕು ಎಂದು ಕೈ ಯೋಚಿಸುವುದೇ ಇಲ್ಲ. ಹತ್ತು ಸಲ ಚೆಂದವಾಗಿ ತಿದ್ದಿದ ಮಗು ಬರಿಯ ಪಾಟಿಯ ಮೇಲೆ ಕಂಗಾಲಾಗುವುದು ಇದಕ್ಕೇ. ಇನ್ನೊಂದು ಕಿರಿಕಿರಿ, ಗೀರು ಕೊರೆಯುವವರು ಕಂಪ್ಯೂಟರಿನ ಅಚ್ಚಕ್ಷರವನ್ನೇ ಯಂತ್ರಕ್ಕೆ ಕೊಡುತ್ತಾರೆ. ಅಚ್ಚಕ್ಷರದಲ್ಲಿ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಪೂರ, ಸುಳಿಯ ತುದಿಯಲ್ಲಿ ಒಂದು ಗುಂಡು. ಕೈಬರಹದಲ್ಲಿ ಅದೆಲ್ಲ ಇರುವುದಿಲ್ಲ. ಎಲ್ಲಿಂದ ಶುರು ಮಾಡಬೇಕೆಂಬ ಗುರುತೂ ಇಲ್ಲದಿದ್ದರೆ ಮಗು ‘ಅ’ವನ್ನು ಬಾಲದಿಂದ ತಲೆಗೆ ಬರೆಯುವುದನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಅದನ್ನು ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ.

ಆದ್ದರಿಂದ ನನ್ನ ವೋಟು ದೊರಗು ಅಕ್ಷರಕ್ಕೆ. ರೋಮ್‌ನಲ್ಲಿ 1907ರಲ್ಲಿ ಮೊದಲ ‘ಮಕ್ಕಳ ಮನೆ’ ಶಾಲೆ ತೆರೆದ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ ರೂಢಿಗೆ ತಂದದ್ದು ಇದು: ನುಣುಪು ಹಲಗೆಯ ಮೇಲೆ ಪಾಲಿಶ್ ಪೇಪರಿನಲ್ಲಿ ಕತ್ತರಿಸಿದ ಅಕ್ಷರ. ತೋರುಬೆರಳು, ನಡುಬೆರಳು ಎರಡನ್ನೂ ಸೇರಿಸಿ ಅದರ ಮೇಲೆ ಎಳೆಯಬೇಕು. ಬೆರಳು ದಾರಿ ತಪ್ಪಿದರೆ ನುಣುಪು ಸಿಗುತ್ತದೆ, ತಪ್ಪಿದ್ದು ಮಗುವಿಗೇ ಗೊತ್ತಾಗುತ್ತದೆ, ದೊಡ್ಡವರು ಬಾಯಿ ಹಾಕಬೇಕಾಗಿಲ್ಲ. ಗೀರಿನ ಹಲಗೆಯಲ್ಲಿ ಇಲ್ಲದಿರುವುದು ಇದೇ.

ಮನೆಯಲ್ಲೇ ಮಾಡಿಕೊಳ್ಳಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ 120 ನಂಬರಿನ ಪಾಲಿಶ್ ಪೇಪರ್ ಕೇಳಿ. 60, 80 ಎಳೆಯ ಬೆರಳಿಗೆ ಉರಿ ತರಿಸುತ್ತದೆ, 220 ತೀರಾ ನುಣುಪು, ವ್ಯತ್ಯಾಸ ಹತ್ತುವುದಿಲ್ಲ. 9×11 ಇಂಚಿನ ಒಂದು ಹಾಳೆಗೆ ನಾಲ್ಕು ಅಕ್ಷರ. ಎತ್ತರ 4 ಇಂಚು, ಗೆರೆಯ ಅಗಲ ಒಂದು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು ಇರಲಿ, ಮಗುವಿನ ಎರಡು ಬೆರಳ ತುದಿ ಕೂರಬೇಕಲ್ಲ. ಅಕ್ಷರವನ್ನು ಹಾಳೆಯ ಹಿಂಬದಿಗೆ ಕನ್ನಡಿಯಲ್ಲಿ ಕಾಣುವಂತೆ ಉಲ್ಟಾ ಬರೆದುಕೊಂಡು ಬ್ಲೇಡಿನಿಂದ ಹಿಂಬದಿಯಿಂದಲೇ ಕತ್ತರಿಸಿ. ಮನೆಯ ಒಳ್ಳೆ ಕತ್ತರಿ ತೆಗೆದುಕೊಂಡರೆ ಎರಡೇ ಅಕ್ಷರಕ್ಕೆ ಮೊಂಡಾಗುತ್ತದೆ. 6 ಮಿಲಿಮೀಟರ್ ಪ್ಲೈವುಡ್‌ನ 5×6 ಇಂಚಿನ ತುಂಡು ಸಾಕು. ಬಡಿಗರ ಹತ್ತಿರ ಉಳಿದುಬಿದ್ದ ಶಿವಣೆ ಹಲಗೆ ಸಿಕ್ಕರೆ ಇನ್ನೂ ಚಲೋ: ಹಗುರ, ಬೇಗ ಸೊಟ್ಟಗಾಗುವುದಿಲ್ಲ. ಮೂಲೆ ಗುಂಡಗೆ ಉಜ್ಜಿ, ಅಂಟು ಹಚ್ಚಿ, ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಕಿ, ರಾತ್ರಿಯಿಡೀ ಅರೆಯುವ ಕಲ್ಲಿನ ಅಡಿಗಿಡಿ. ಬರೆಯಲು ಶುರುಮಾಡುವ ಜಾಗಕ್ಕೆ ಹಸಿರು ಬಣ್ಣದ ಒಂದು ಬೊಟ್ಟು.

ನಮ್ಮ ಕಡೆ ಇಷ್ಟಕ್ಕೇ ಮುಗಿಯುವುದಿಲ್ಲ, ಮಳೆಗಾಲವಿದೆ. ಬಯಲುಸೀಮೆಯವರು ಬರೆದ ಸೂಚನೆ ನೋಡಿ ಮಾಡಿದ್ದು ಆಷಾಢಕ್ಕೆ ಬೂಷ್ಟು ಹಿಡಿದು ಸಿಪ್ಪೆ ಏಳುತ್ತದೆ. ಕಂದು ಬಣ್ಣದ ಸಾಧಾರಣ ಪಾಲಿಶ್ ಪೇಪರಿನ ಬೆನ್ನು ಬರೀ ಕಾಗದ, ತೇವ ಕುಡಿದು ಉಬ್ಬುತ್ತದೆ. ಕಪ್ಪು ಬಣ್ಣದ ವಾಟರ್ ಪೇಪರ್ ತೆಗೆದುಕೊಳ್ಳಿ, ನೀರು ಹಾಕಿ ಉಜ್ಜಲಿಕ್ಕೆಂದೇ ಮಾಡಿದ್ದು ಅದು. ಬಿಳಿ ಅಂಟಿನಲ್ಲೂ ನೀರು ತಡೆಯುವ ಜಾತಿ ಬೇರೆ ಸಿಗುತ್ತದೆ, ಅದನ್ನೇ ಕೇಳಿ. ಪ್ಲೈವುಡ್ಡಿನ ಅಂಚಿಗೂ ಬೆನ್ನಿಗೂ ಎರಡು ಕೈ ವಾರ್ನಿಶ್ ಹೊಡೆಯಿರಿ; ಮುಂದೆ ಮಾತ್ರ ಹೊಡೆದರೆ ಹಿಂದಿನಿಂದ ತೇವ ಕುಡಿದು ಹಲಗೆ ಬಾಗುತ್ತದೆ. ಪೇಟೆಯ ಅಗ್ಗದ ಸೆಟ್ಟುಗಳು ಹೆಚ್ಚಾಗಿ ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಒಂದು ಮಳೆಗಾಲ ದಾಟುವಷ್ಟರಲ್ಲಿ ತುಂಡುಗಳು ಉಬ್ಬಿ ತಮ್ಮ ತಮ್ಮ ಗುಳಿಯಲ್ಲಿ ಕೂರುವುದೇ ಇಲ್ಲ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಟ್ಟರೂ ಅವು ಮೊದಲಿನಂತಾಗುವುದಿಲ್ಲ.

ಇನ್ನು ಹೊಯ್ಗೆ ತಟ್ಟೆ, ಅಂದರೆ ಮರಳು ಹರಡಿ ಬೆರಳಿನಿಂದ ಅಕ್ಷರ ಬರೆಯುವ ತಟ್ಟೆಯ ವಿಷಯ. ಕರಾವಳಿಯವರಿಗೆ ಇದಕ್ಕಿಂತ ಸಸ್ತಾ ಏನಿದೆ ಎಂದು ಕಡಲತೀರದ ಹೊಯ್ಗೆಯನ್ನು ಹಾಗೇ ತಂದು ಸುರಿಯಬೇಡಿ. ಅದರ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿದ್ದದ್ದು ಜೂನಿನಲ್ಲಿ ಗಂಟುಗಂಟಾಗಿ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಬೆರಳಲ್ಲಿ ಸಣ್ಣ ಗಾಯವಿದ್ದರೆ ಉರಿ ಬೇರೆ. ಸಿಹಿನೀರಲ್ಲಿ ನಾಲ್ಕೈದು ಸಲ ತೊಳೆದು, ಬಿಸಿಲಲ್ಲಿ ಒಣಗಿಸಿ, ಹಳೆಯ ಬಾಣಲೆಯಲ್ಲಿ ಹುರಿದು, ರವೆ ಜರಡಿಯಲ್ಲಿ ಆಡಿಸಿ. 12×9 ಇಂಚಿನ ತಟ್ಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಸಾಕು, ದಪ್ಪ ಒಂದು ಸೆಂಟಿಮೀಟರ್ ಮಾತ್ರ. ಜಾಸ್ತಿ ಹಾಕಿದರೆ ಗೆರೆಯ ದಡ ಕುಸಿದು ಅಕ್ಷರ ಮುಚ್ಚಿಹೋಗುತ್ತದೆ. ತಳಕ್ಕೆ ಕಡುನೀಲಿ ಬಣ್ಣ ಬಳಿದರೆ ಬೆರಳು ಎಳೆದಲ್ಲಿ ನೀಲಿ ಅಕ್ಷರ ಮೂಡುತ್ತದೆ. ಅಂಚು 2 ಇಂಚು ಇರಲಿ, ಇಲ್ಲದಿದ್ದರೆ ಜಗಲಿ ಗುಡಿಸುವ ಕೆಲಸ ನಿಮಗೇ. ಅಕ್ಕಿಹಿಟ್ಟು ಬೇಡ, ಮಳೆಗಾಲದಲ್ಲಿ ಮುಗ್ಗುತ್ತದೆ, ಇರುವೆಯೂ ಬರುತ್ತದೆ.

ಇಂಗ್ಲಿಷ್ ವರ್ಕ್‌ಬುಕ್ಕಿನ ‘ನಿಂತ ಗೆರೆ, ಮಲಗಿದ ಗೆರೆ’ ಪುಟಗಟ್ಟಲೆ ಬರೆಸುವುದು ನನಗೆ ಅರ್ಥವಾಗದ ವಿಷಯ. ನಮ್ಮ ಲಿಪಿಯಲ್ಲಿ ನೆಟ್ಟಗಿನ ಗೆರೆ ಎಷ್ಟಿದೆ? ಇರುವುದೆಲ್ಲ ಸುಳಿ, ಬಳುಕು, ಹೊಟ್ಟೆ. ಕೈ ಎಡಕ್ಕೂ ಬಲಕ್ಕೂ ತಿರುಗಬೇಕು, ಅರ್ಧದಲ್ಲಿ ದಿಕ್ಕು ಬದಲಿಸಬೇಕು. ಅದಕ್ಕೆ ರಂಗೋಲಿಯ ಬಳ್ಳಿ ಎಳೆಯುವುದು, ಚುಕ್ಕಿಗಳನ್ನು ಸುತ್ತಿಕೊಂಡು ಹೋಗುವುದು ಹತ್ತು ವರ್ಕ್‌ಬುಕ್ಕಿಗಿಂತ ಒಳ್ಳೆಯ ತಯಾರಿ. ಸುಮಾರು ಮೂರು ವರ್ಷಕ್ಕೆ ಮಗು ವೃತ್ತ ನೋಡಿ ಬರೆಯುತ್ತದೆ, ಚೌಕ ಬರುವುದು ಅದಕ್ಕಿಂತ ತಡವಾಗಿ. ಈ ವಿಷಯದಲ್ಲಿ ಕನ್ನಡದ ಮಕ್ಕಳು ಪುಣ್ಯವಂತರು.

49 ಅಕ್ಷರದ ಪೂರ್ತಿ ಸೆಟ್ಟು ಒಮ್ಮೆಗೇ ಕೊಳ್ಳುವುದೂ ಮಾಡುವುದೂ ದಂಡ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಆಟದ ಮೂಲಕ ಕಲಿಸುವ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಅ, ಆ, ಇ, ಈ ಸಾಲು ಹಿಡಿಯುವುದಿಲ್ಲ. ರ, ಗ, ಸ, ದ, ಅ ಮೊದಲು. ಈ ಐದು ಬಂದರೆ ಸರ, ರಸ, ಅಗಸ, ಅರಸ, ಗರಗಸ ಎಲ್ಲ ಓದಬಹುದು. ಆ ಐದೇ ಹಲಗೆ ಮಾಡಿ. ದಿನಕ್ಕೆ ಐದಾರು ನಿಮಿಷ, ಒಮ್ಮೆಗೆ ಎರಡು-ಮೂರು ಅಕ್ಷರ, ಅವೂ ಒಂದನ್ನೊಂದು ಹೋಲದವು. ಬ-ಭ, ಪ-ಫ, ದ-ಧ, ಡ-ಢ ಜೋಡಿಗಳಲ್ಲಿ ವ್ಯತ್ಯಾಸ ಒಂದು ಸೀಳು ಮಾತ್ರ, ಅವನ್ನು ಜೊತೆಯಲ್ಲಿ ಕೊಟ್ಟರೆ ಎರಡೂ ಕಲಸಿಹೋಗುತ್ತವೆ. ಮೊದಲು ನೀವು ನಿಧಾನ ಎಳೆದು ‘ರ’ ಅನ್ನಿ. ಆಮೇಲೆ ‘ರ ಯಾವುದು, ತೋರಿಸು’. ಕೊನೆಗೆ ‘ಇದು ಯಾವುದು?’ ಮೂರನೆಯದಕ್ಕೆ ಉತ್ತರ ಬರದಿದ್ದರೆ ಮತ್ತೆ ಮೊದಲಿಗೆ, ಬೈಯದೆ. ಕಾರವಾರದ ಕೊಂಕಣಿ ಮನೆಗಳಲ್ಲಿ ಮಗುವಿಗೆ ಗೊತ್ತಿರುವ ಶಬ್ದದಿಂದಲೇ ಧ್ವನಿ ಹೇಳಿಕೊಡಿ, ಮನೆಯಲ್ಲಿ ಅಗಸ ಎನ್ನುವವರೇ ಇಲ್ಲದಿರುವಾಗ ‘ಅಗಸ’ ಬಾಯಿಪಾಠ ಮಾಡಿಸಿ ಏನು ಬಂತು? ಹಸಿರು ಬೊಟ್ಟು ಎಲ್ಲಿಡಬೇಕು ಎಂಬುದನ್ನು ಅಂಗನವಾಡಿಯ ಅಕ್ಕೋರನ್ನೇ ಕೇಳಿಕೊಳ್ಳಿ. ಮನೆಯಲ್ಲಿ ಒಂದು ಕ್ರಮ, ಅಲ್ಲಿ ಇನ್ನೊಂದು ಆದರೆ ಮಗುವಿಗೆ ಫಜೀತಿ.

ಬೆರಳಿನಿಂದ ಪಾಟಿಗೆ ಬರುವಾಗ ಉದ್ದ ಪೆನ್ಸಿಲ್ ಕೊಡಬೇಡಿ. ಸೀಮೆಸುಣ್ಣವನ್ನು ಒಂದು ಇಂಚಿಗೆ ಮುರಿದು ಕೊಡಿ. ಮುಷ್ಟಿಯಲ್ಲಿ ಹಿಡಿಯಲಿಕ್ಕೆ ಜಾಗವೇ ಇಲ್ಲದ್ದರಿಂದ ಮೂರು ಬೆರಳ ಹಿಡಿತ ತಾನಾಗಿ ಬರುತ್ತದೆ. ಎಲ್‌ಸಿಡಿ ಪಾಟಿ ಜಾರುತ್ತದೆ, ಪಾಟಿಕಡ್ಡಿ ಕಲ್ಲುಪಾಟಿಯ ಮೇಲೆ ಕೊಡುವ ತಡೆ ಅದರಲ್ಲಿಲ್ಲ. ಹಾಗಾಗಿ ಕೈ ಹದ ಕಲಿಯುವುದಿಲ್ಲ. ಅದರ ಬೆನ್ನಲ್ಲಿ ಗುಂಡಿ ಬ್ಯಾಟರಿ ಇರುತ್ತದೆ. ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಮನೆಗೆ ತರಲೇಬೇಡಿ: ನುಂಗಿದರೆ ಎರಡು ತಾಸಿನೊಳಗೆ ಅನ್ನನಾಳ ಸುಡಬಲ್ಲದು. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಅಕ್ಷರವೂ ಅಷ್ಟೇ. ಉದುರಿದ ಎರಡು ಅಯಸ್ಕಾಂತ ಹೊಟ್ಟೆಗೆ ಹೋದರೆ ಕರುಳನ್ನು ನಡುವೆ ಹಿಡಿದು ತೂತು ಮಾಡಬಲ್ಲವು. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗರಿಗೆ ಅದರಿಂದ ವಿನಾಯಿತಿ ಇದೆ, ಹಾಗಾಗಿ ಚನ್ನಪಟ್ಟಣದ ಗೊಂಬೆಯ ಮೇಲೆ ಗುರುತು ಕಾಣದಿದ್ದರೆ ಗಾಬರಿ ಬೇಡ. ಜಾತ್ರೆಯ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಮಾತ್ರ ಹುಡುಕಿ.

ಇನ್ನು ಪಾಟಿಕಡ್ಡಿ ತಿನ್ನುವ ಮಕ್ಕಳು. ಅದನ್ನು ಚಟ ಎಂದು ಗದರಿಸಿ ಸುಮ್ಮನಾಗಬೇಡಿ. ಮಣ್ಣು, ಬಳಪ, ಸುಣ್ಣ ತಿನ್ನುವ ಮಗುವಿನಲ್ಲಿ ಕಬ್ಬಿಣಾಂಶ ಕಡಿಮೆ ಇರುವುದುಂಟು. ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕಡ್ಡಿ ಒಳಗಿಟ್ಟು ಹೊಯ್ಗೆ ತಟ್ಟೆಯನ್ನು ನಿಮ್ಮ ಎದುರಿಗೇ ಆಡಿಸಿ.